ಲಕೋಟೆಯಲ್ಲಿ ಬಂದ ತೆನೆ

ಹಂದಿಮಾಂಸ ಬಿಟ್ಟಾಗ ನಮ್ಮ ಮನೆಯವರು ನಕ್ಕರು. ಹಾಲು ಬಿಟ್ಟಾಗ ಪಕ್ಕದ ಮನೆಯವರು ಮುನಿಸಿಕೊಂಡರು. ಮೀನನ್ನು ಮಾತ್ರ ನಾನು ಬಿಡಲಿಲ್ಲ. ಮಂಗಳೂರಿನಲ್ಲಿ ಹುಟ್ಟಿದವಳು ಮೀನನ್ನೂ ಬಿಟ್ಟರೆ ಆಮೇಲೆ ಮಾತಾಡಿಸಲಿಕ್ಕೆ ಬೆಕ್ಕು ಕೂಡ ಬರಲಿಕ್ಕಿಲ್ಲ ಎಂದು ಹೆದರಿಕೆಯಾಯಿತು.

ಕುವೈತಿನ ಒಂದು ಆಸ್ಪತ್ರೆಯ ಹೃದ್ರೋಗದ ವಾರ್ಡಿನಲ್ಲಿ ನರ್ಸಾಗಿ ಅರ್ಧ ಆಯುಷ್ಯ ಕಳೆದವಳು ನಾನು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರಿಗೆ, ನೈಟ್ ಡ್ಯೂಟಿ ಇತ್ತು ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ. ಊರಿಗೆ ಮರಳಿದ ಮೇಲೆ ಶಕ್ತಿನಗರದಲ್ಲಿ ಮೂರನೆಯ ಮಹಡಿಯ ಒಂದು ಫ್ಲ್ಯಾಟಿನಲ್ಲಿ ಇದ್ದೇನೆ. ತಮ್ಮನ ಮನೆ, ಅಂದರೆ ನಾನು ಹುಟ್ಟಿದ ಮನೆ, ಕುಲಶೇಖರದಲ್ಲಿದೆ. ಆಟೋದಲ್ಲಿ ಕೂತು ಪರ್ಸಿನಲ್ಲಿ ಚಿಲ್ಲರೆ ಹುಡುಕಿ ಮುಗಿಸುವಷ್ಟರಲ್ಲಿ ತಲುಪಬಹುದು. ಹತ್ತಿರ ಇರಬೇಕು ಎಂದೇ ಈ ಫ್ಲ್ಯಾಟ್ ತೆಗೆದುಕೊಂಡದ್ದು.

ಎಲ್ಲ ಶುರುವಾದದ್ದು ಒಂದು ರಕ್ತಪರೀಕ್ಷೆಯಿಂದ. ಕೊಲೆಸ್ಟರಾಲ್ ಏರಿತ್ತು, ಯಕೃತ್ತಿನಲ್ಲಿ ಕೊಬ್ಬು ಕೂತಿತ್ತು, ಬಿಪಿ ಇತ್ತು. ಡಾಕ್ಟರು ನನ್ನ ಅರ್ಧ ಪ್ರಾಯದವರು. ರಿಪೋರ್ಟನ್ನು ನನ್ನ ಕಡೆಗೇ ತಿರುಗಿಸಿಟ್ಟು, “ಸಿಸ್ಟರ್, ನಿಮಗೆ ನಾನು ಹೇಳುವಂಥದ್ದು ಎಂತ ಉಂಟು?” ಎಂದರು. ನಿಜ. ಅಷ್ಟೂ ವರ್ಷ ರೋಗಿಗಳಿಗೆ ಆ ಉಪದೇಶವನ್ನು ಬಾಯಿಪಾಠ ಒಪ್ಪಿಸಿ, ತಿರುಗಿ ಬಂದು ಸ್ಟಾಫ್ ರೂಮಿನಲ್ಲಿ ಮಟನ್ ಬಿರಿಯಾನಿಯ ಡಬ್ಬ ತೆರೆಯುತ್ತಿದ್ದವಳೂ ನಾನೇ. ಅಂದೇ ಮಾಂಸ ಬಿಟ್ಟೆ. ಹಾಲಿನ ಚಾ ಕುಡಿದರೆ ಹೊಟ್ಟೆ ಉಬ್ಬರಿಸುತ್ತಿತ್ತು, ಪರೀಕ್ಷೆಗೆಂದು ಕೆಲವು ದಿನ ಅದನ್ನೂ ನಿಲ್ಲಿಸಿದೆ. ಉಬ್ಬರ ಇಳಿಯಿತು. ಹಾಲು ಮತ್ತೆ ಮನೆಯೊಳಗೆ ಬರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂಟಿಯಾಗಿರುವವಳ ಕೈಯಲ್ಲಿ ಫೋನ್ ಇದ್ದರೆ ಅವಳು ಓದುತ್ತಾಳೆ. ಮೇವು ಬೆಳೆಯಲಿಕ್ಕೆ ಎಲ್ಲೆಲ್ಲೋ ಕಾಡು ಕಡಿಯುವುದನ್ನು ಓದಿದೆ. ಒಂದು ತುಂಡು ಮಾಂಸಕ್ಕೆ ಎಷ್ಟೆಷ್ಟು ನೀರು ಬೇಕಾಗುತ್ತದೆ ಎಂದು ಓದಿದೆ. ಹಸುಗಳು ತೇಗಿದಾಗ ಬರುವ ಅನಿಲದಿಂದಲೂ ಭೂಮಿ ಬಿಸಿಯಾಗುತ್ತದೆ ಎಂದು ಓದಿ ಒಬ್ಬಳೇ ಬೆರಗಾಗಿ ಕೂತೆ. ಓದಿದ್ದನ್ನು ಯಾರಿಗಾದರೂ ಹೇಳಬೇಕಲ್ಲ. ಗೋಡೆಗೆ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಭಾನುವಾರ ತಮ್ಮನ ಮನೆಯ ಊಟದ ಮೇಜಿನಲ್ಲಿ ಹೇಳಿದೆ. ತಮ್ಮ ಪೂರ್ತಿ ಕೇಳಿಸಿಕೊಂಡು, ಮೇಜು ನಡುಗುವ ಹಾಗೆ ಒಂದು ತೇಗು ತೇಗಿ, “ಈಗ ನೋಡು ಅಕ್ಕ, ಎಷ್ಟು ಬಿಸಿಯಾಯ್ತು?” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವನ ತಮಾಷೆಗೆ ನಗದೆ ಇರಲಿಕ್ಕೆ ನನ್ನಿಂದ ಯಾವತ್ತೂ ಆಗಿಲ್ಲ.

ಆ ಭಾನುವಾರಗಳ ಬಗ್ಗೆ ಹೇಳಬೇಕು. ಪೂಜೆ ಮುಗಿಸಿ ಚರ್ಚಿನಿಂದ ನೇರ ಅಲ್ಲಿಗೆ ಹೋಗುವುದು. ತಮ್ಮನ ಹೆಂಡತಿ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಹಂದಿಯ ಬಾಫತ್ ಇಟ್ಟಿರುತ್ತಿದ್ದಳು. ಅವಳೇ ಬಿಸಿಲಿಗೆ ಮೆಣಸು, ಕೊತ್ತಂಬರಿ ಒಣಗಿಸಿ ಮಾಡಿಟ್ಟ ಪುಡಿಯ ಖಾರದ ಸಾರು ಅದು. ಜೊತೆಗೆ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ಸಾನ್ನಾ. ವಾಸನೆ ಗೇಟಿನ ತನಕ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿತ್ತು. ಚಿಕ್ಕಪ್ಪನ ಮಕ್ಕಳು, ಅವರ ಮಕ್ಕಳು, ಯಾರದೋ ಮದುವೆಯ ಮಾತು, ಯಾರದೋ ವೀಸಾದ ಮಾತು. ಆ ಮೇಜಿನಲ್ಲಿ ಕೂತಾಗ ನಾನು ಕುವೈತಿಗೆ ಹೋಗಿಯೇ ಇರಲಿಲ್ಲ ಎಂದು ಅನ್ನಿಸುತ್ತಿತ್ತು.

ನಾವು ಸಣ್ಣವರಿದ್ದಾಗ ಹಾಗಿರಲಿಲ್ಲ. ಹಂದಿ ಎಂದರೆ ಕ್ರಿಸ್ಮಸ್ಸಿಗೆ ಒಮ್ಮೆ, ಚರ್ಚಿನ ವಾರ್ಷಿಕ ಹಬ್ಬಕ್ಕೆ ಒಮ್ಮೆ. ಉಳಿದ ದಿನ ಕುಚ್ಚಲಕ್ಕಿ ಗಂಜಿ, ಚಟ್ನಿ, ಸುಟ್ಟ ಒಣಮೀನು. ನಾನು ಕುವೈತಿಗೆ ಹೋಗಿ ಹಣ ಕಳಿಸತೊಡಗಿದ ಮೇಲೆ ಮೊದಲು ತಿಂಗಳಿಗೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. ಮಗಳು ಪರದೇಶದಲ್ಲಿ ದುಡಿಯುತ್ತಾಳೆ ಎಂದು ಅಪ್ಪ ಹೆಮ್ಮೆಯಿಂದ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರಂತೆ. ಅಮ್ಮ ಫೋನಿನಲ್ಲಿ ಹೇಳಿ ನಗುತ್ತಿದ್ದಳು. ಒಂದು ಭಾನುವಾರ ಊಟ ಮುಗಿಸಿ, ಎದೆ ಉರಿಯುತ್ತದೆ ಎಂದು ಮಲಗಿದ ಅಪ್ಪ ಏಳಲಿಲ್ಲ. ಆ ಹೊತ್ತಿನಲ್ಲಿ ನಾನು ಯಾರದೋ ಅಪ್ಪನ ಎದೆಗೆ ಇಸಿಜಿಯ ವೈರ್ ಅಂಟಿಸುತ್ತಿದ್ದೆ. ಅಂತ್ಯಕ್ರಿಯೆಗೆ ಬಂದು ತಲುಪಲಿಕ್ಕೂ ಆಗಲಿಲ್ಲ.

ತಮ್ಮ ಅಪ್ಪನ ಪಡಿಯಚ್ಚು. ಅದೇ ಹೊಟ್ಟೆ, ಅದೇ ನಗು, ಊಟದ ಮೇಲೆ ಅದೇ ರೀತಿ ಎದೆಯನ್ನು ಅಂಗೈಯಿಂದ ಉಜ್ಜಿಕೊಳ್ಳುವುದು. ಅಪ್ಪ ಹೋದಾಗಿನ ಪ್ರಾಯಕ್ಕೆ ಅವನು ಬಂದಿದ್ದ. ನಾನು ಮೇಜಿನಲ್ಲಿ ಕೂತು ಭೂಮಿಯ ಬಿಸಿ, ಕಾಡು, ನೀರು ಎಂದೆಲ್ಲ ಭಾಷಣ ಮಾಡುತ್ತಿದ್ದೆ. ಅದೆಲ್ಲ ನಿಜವೇ. ಆದರೆ ನನ್ನ ಕಣ್ಣು ಮಾತ್ರ ಅವನ ಅಂಗೈಯ ಮೇಲೆಯೇ ಇರುತ್ತಿತ್ತು. ಈ ಒಬ್ಬ ತಮ್ಮನನ್ನೂ ಅಪ್ಪನ ಹಾಗೆ ಕಳೆದುಕೊಂಡರೆ ನನಗೆ ಈ ಊರಿನಲ್ಲಿ ಯಾರೂ ಇಲ್ಲ ಎಂದು ನೇರವಾಗಿ ಹೇಳಲಿಕ್ಕೆ ಬಾಯಿ ಬರಲಿಲ್ಲ. ಹಸುವಿನ ತೇಗಿನ ವಿಷಯ ಹೇಳುವುದು ಅದಕ್ಕಿಂತ ಸುಲಭವಾಗಿತ್ತು.

ಮೊದಮೊದಲು ತಮ್ಮನ ಹೆಂಡತಿ ನನಗಾಗಿ ಬೇರೆ ತೊವ್ವೆ ಮಾಡಿದಳು, ಎರಡು ಬಂಗುಡೆ ಮೀನು ಕಾಯಿಸಿದಳು. ಪಾಪ, ಅಷ್ಟು ಜನರ ಅಡುಗೆಯ ಮಧ್ಯೆ ಇದೊಂದು ಬೇರೆ. ನಾನಾದರೂ ತೆಪ್ಪಗೆ ಉಣ್ಣಬೇಕಿತ್ತು. ತಮ್ಮನ ಬಟ್ಟಲಿನ ಕೊಬ್ಬಿನ ತುಂಡುಗಳನ್ನು ನೋಡಿ ಒಂದಲ್ಲ ಒಂದು ಮಾತು ಹೇಳಿಯೇ ಹೇಳುತ್ತಿದ್ದೆ. “ಅಕ್ಕ, ಇದು ನಿನ್ನ ವಾರ್ಡ್ ಅಲ್ಲ ಮಾರಾಯ್ತಿ,” ಎನ್ನುತ್ತಿದ್ದ. ನಿಧಾನಕ್ಕೆ ಭಾನುವಾರದ ಫೋನ್ ತಡವಾಯಿತು. ಆಮೇಲೆ, “ನೀನು ಬಂದ್ರೆ ಎಂತ ತಿಂತೀಯ ಅಂತ ಇವಳಿಗೆ ಚಿಂತೆ,” ಎಂದು ಬಂತು. ಆಮೇಲೆ ಫೋನೇ ಬರಲಿಲ್ಲ. ಕರೆಯದೆ ಹೋಗಲಿಕ್ಕೆ ಅದು ನಾನು ಹುಟ್ಟಿದ ಮನೆಯೇ ಆಗಿದ್ದರೂ ಕಾಲು ಏಳುವುದಿಲ್ಲ.

ಸರಿ, ಪಕ್ಕದ ಮನೆಯವರಾದರೂ ಜೊತೆಗೆ ಆದಾರು ಎಂದುಕೊಂಡೆ. ಅವರದು ದೇವಸ್ಥಾನದ ಪೂಜೆಯ ಮನೆತನ, ಮನೆಯಲ್ಲಿ ತುಳು ಮಾತಾಡುವವರು, ಒಳ್ಳೆಯ ಜನ. ನಾನು ಮಾಂಸ ಬಿಟ್ಟ ಸುದ್ದಿ ಹೇಗೋ ತಿಳಿದು ಆ ಮನೆಯ ಯಜಮಾನರು ಮೆಟ್ಟಿಲಲ್ಲಿ ಸಿಕ್ಕಿ, “ಬಹಳ ಒಳ್ಳೆಯದಾಯ್ತು ಸಿಸ್ಟರ್, ಒಳ್ಳೆ ದಾರಿಗೆ ಬಂದ್ರಿ,” ಎಂದರು. ನನಗೆ ಮೈಯೆಲ್ಲ ಉರಿಯಿತು. ನಾನು ಯಾರ ದಾರಿಗೂ ಬಂದವಳಲ್ಲ, ನನ್ನ ಕೊಲೆಸ್ಟರಾಲಿನ ದಾರಿಗೆ ಬಂದವಳು. ಆದರೂ ಹಬ್ಬದ ಮರುದಿನ ಅವರ ಹೆಂಡತಿ ಸ್ಟೀಲಿನ ಡಬ್ಬದಲ್ಲಿ ಹಾಲಿನ ಪಾಯಸ, ಒಂದು ಕುಪ್ಪಿಯಲ್ಲಿ ತುಪ್ಪ ತಂದಾಗ ಬಾಗಿಲು ಅಗಲವಾಗಿ ತೆರೆದೆ.

“ಮನೆಯಲ್ಲೇ ಕಾಯಿಸಿದ ತುಪ್ಪ, ಅಂಗಡಿಯದ್ದಲ್ಲ,” ಎಂದರು.

“ತುಂಬಾ ಉಪಕಾರ ಆಯ್ತು. ಆದರೆ ನಾನು ಹಾಲು ತುಪ್ಪ ತಿನ್ನುವುದಿಲ್ಲ.”

“ತುಪ್ಪವಾ? ತುಪ್ಪ ಎಂತ ಮಾಂಸವಾ?”

ಆ ಅಮ್ಮನ ಮುಖ ಸಣ್ಣದಾದದ್ದು ನನಗೆ ಈಗಲೂ ಕಾಣುತ್ತದೆ. ಮುಚ್ಚಳ ಮತ್ತೆ ಬಿಗಿಮಾಡಿಕೊಂಡು ಹೋದರು. ಅದೇ ವಾರ ನಾನು ಬಂಗುಡೆ ಕಾಯಿಸಿದೆ. ಅವರ ಮನೆಯ ಕಿಟಕಿ ಒಂದೊಂದಾಗಿ ಮುಚ್ಚುವ ಸದ್ದು ಕೇಳಿಸಿತು. ಮಾಂಸ ತಿನ್ನುವವರಿಗೆ ನಾನು ಭಟ್ಟರಾದೆ, ಭಟ್ಟರಿಗೆ ನಾನು ಮೀನಿನವಳಾಗಿಯೇ ಉಳಿದೆ. ಇಬ್ಬರ ನಡುವಿನ ಓಣಿಯಲ್ಲಿ ನಾನೊಬ್ಬಳೇ. ನನಗೆ ನಾನೇ ಬಡಿಸಿಕೊಂಡು, ಟಿವಿಯ ಸದ್ದು ಜೋರು ಮಾಡಿಕೊಂಡು ಉಣ್ಣುವುದನ್ನು ಕಲಿತೆ. ಕೊಲೆಸ್ಟರಾಲ್ ಇಳಿಯಿತು. ಅದನ್ನು ಹೇಳಿಕೊಳ್ಳಲಿಕ್ಕೂ ಯಾರೂ ಇರಲಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ಕರೆ ತಪ್ಪುತ್ತಿರಲಿಲ್ಲ. ಅದು ಮೊಂತಿ ಫೆಸ್ತ್. ಸೆಪ್ಟೆಂಬರಿನಲ್ಲಿ ಬರುವ ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗದು ಹೊಸ ಬೆಳೆಯ ಹಬ್ಬವೂ ಹೌದು. ಚರ್ಚಿನಲ್ಲಿ ತೆನೆಯನ್ನು ಆಶೀರ್ವದಿಸಿ ಕುಟುಂಬಕ್ಕೊಂದರಂತೆ ಕೊಡುತ್ತಾರೆ. ಮನೆಗೆ ತಂದು ಪ್ರಾರ್ಥನೆ ಮಾಡಿ, ಭತ್ತ ಸುಲಿದು, ಅಕ್ಕಿಯನ್ನು ಪುಡಿಮಾಡಿ ಹಾಲಿಗೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಮನೆಯವರೆಲ್ಲ ಅದನ್ನು ಕುಡಿಯುವ ತನಕ ಯಾರೂ ಊಟಕ್ಕೆ ಕೂರುವಂತಿಲ್ಲ. ಊಟದಲ್ಲಿ ಅಂದು ಮಾಂಸವಿಲ್ಲ, ಮೀನೂ ಇಲ್ಲ. ಬೆಂಡೆ, ಹೀರೆ, ಅಲಸಂಡೆ, ಅಂಬಟೆಕಾಯಿ ಹಾಕಿದ ಕೆಸುವಿನ ದಂಟು, ಹೀಗೆ ತರಕಾರಿಗಳು, ಅವೂ ಬೆಸ ಸಂಖ್ಯೆಯಲ್ಲೇ ಇರಬೇಕು. ವರ್ಷವಿಡೀ ನನ್ನನ್ನು ನೋಡಿ ನಗುವವರೆಲ್ಲ ಆ ಒಂದು ದಿನ ನಾನು ಉಣ್ಣುವುದನ್ನೇ ಉಣ್ಣುತ್ತಿದ್ದರು. ಆ ಒಂದು ಗುಟುಕು ಹಾಲನ್ನು ನಾನೂ ಮರುಮಾತಿಲ್ಲದೆ ಕುಡಿಯುತ್ತಿದ್ದೆ. ಭಾನುವಾರದವಳು ಹೋಗಿ ಸೆಪ್ಟೆಂಬರಿನವಳಾದೆ ಎಂದು ನನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದೆ. ಅಷ್ಟಾದರೂ ಇತ್ತು.

ದೂರದ ಊರಿನಲ್ಲಿ ಇರುವವರಿಗೆ ಆ ಕಾಳುಗಳನ್ನು ಅಂಚೆಯಲ್ಲಿ ಕಳಿಸುವುದು ನಮ್ಮಲ್ಲಿ ಪದ್ಧತಿ. ಕುವೈತಿನಲ್ಲಿದ್ದಾಗ ಅಮ್ಮ ಪ್ರತಿ ವರ್ಷ ಕಾಗದದಲ್ಲಿ ಮಡಚಿ, ಲಕೋಟೆಯೊಳಗೆ ಇಟ್ಟು ಕಳಿಸುತ್ತಿದ್ದಳು. ಹಬ್ಬ ಮುಗಿದು ಎಷ್ಟೋ ದಿನಗಳ ಮೇಲೆ ಬರುತ್ತಿತ್ತು. ಹಾಸ್ಟೆಲಿನ ಅಡುಗೆಮನೆಯಲ್ಲಿ ನಿಂತುಕೊಂಡು, ಫ್ರಿಜ್ಜಿನ ಹಾಲಿಗೆ ಹಾಕಿ ಕುಡಿದು, ಲೋಟ ತೊಳೆದಿಟ್ಟು ಡ್ಯೂಟಿಗೆ ಹೋಗುತ್ತಿದ್ದೆ. ಆ ಲಕೋಟೆ ಬಂದ ದಿನ ಊರು ಹತ್ತಿರವಾಗುತ್ತಿರಲಿಲ್ಲ, ಇನ್ನಷ್ಟು ದೂರವಾಗುತ್ತಿತ್ತು. ಇನ್ನು ಮುಂದೆ ನನಗೆ ಯಾರೂ ತೆನೆಯನ್ನು ಲಕೋಟೆಯಲ್ಲಿ ಕಳಿಸುವ ಅಗತ್ಯವಿಲ್ಲ ಎಂಬುದು ಊರಿಗೆ ಮರಳುವಾಗ ನನಗಿದ್ದ ದೊಡ್ಡ ಸಂತೋಷಗಳಲ್ಲಿ ಒಂದು.

ಆ ಸೆಪ್ಟೆಂಬರನ್ನೂ ನಾನು ಕೆಡಿಸಿಕೊಂಡದ್ದು ಒಂದು ನೀರಿನ ಬಾಟಲಿಯಿಂದ.

ತಮ್ಮನಿಗೆ ಪೈಂಟ್ ಅಂಗಡಿ ಇದೆ. ಅದು ಸಾಲದೆಂದು ಮನೆಯ ಹಿಂದೆ ಹಂದಿಗೂಡು ಕಟ್ಟಿಸಿದ. ಹೋಟೆಲುಗಳ ಉಳಿಕೆ ತಂದು ಹಾಕಿ ಸಾಕುವುದು, ಹಬ್ಬಕ್ಕೆ ಮಾರುವುದು. ಗೂಡು ಇದ್ದದ್ದು ಏರಿನಲ್ಲಿ, ಬಾವಿ ಇದ್ದದ್ದು ಅದರ ಕೆಳಗೆ. ಗೂಡು ತೊಳೆದ ನೀರು ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಬಾವಿಯ ನೀರು ಬಣ್ಣ ತಿರುಗಿತು, ವಾಸನೆ ಬಂತು. ಪರೀಕ್ಷೆ ಮಾಡಿಸು ಎಂದು ಎಷ್ಟೋ ಸಲ ಹೇಳಿದೆ. “ಹೊಸ ಮಳೆಗೆ ಎಲ್ಲ ಬಾವಿಯೂ ಹೀಗೇ,” ಎಂದ. ಎರಡು ವರ್ಷದ ಹಿಂದಿನ ಮೊಂತಿ ಫೆಸ್ತಿಗೆ ಹೋಗುವಾಗ ನನ್ನ ಚೀಲದಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿ ಇತ್ತು. ಪ್ರಾರ್ಥನೆ ಮುಗಿಯಿತು, ಹಾಲು ಕುಡಿದಾಯಿತು, ಎಲ್ಲರೂ ಮೇಜಿಗೆ ಕೂತರು. ಲೋಟಗಳಿಗೆ ನೀರು ಹಾಕುತ್ತ ತಮ್ಮನ ಹೆಂಡತಿ ನನ್ನ ಬಳಿ ಬಂದಳು. ನಾನು ಲೋಟದ ಮೇಲೆ ಕೈ ಅಡ್ಡ ಇಟ್ಟು, ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟೆ.

ಹುಟ್ಟಿದ ಮನೆಯ ಬಾವಿಯ ನೀರನ್ನು, ಅದೂ ಮರಿಯಮ್ಮನ ಹಬ್ಬದ ಮೇಜಿನಲ್ಲಿ, ನೆಂಟರೆಲ್ಲರ ಎದುರು ಬೇಡ ಎನ್ನುವುದು ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಕಾಯಿಲೆಯ ನೀರು ಕಾಯಿಲೆಯ ನೀರೇ ಎಂಬ ನರ್ಸಿನ ಹಠ ಆ ಹೊತ್ತಿಗೆ ಮೇಲಾಗಿತ್ತು.

“ಅಮ್ಮ ಸಾಯುವವರೆಗೆ ಕುಡಿದ ನೀರು ಅದು,” ಎಂದ ತಮ್ಮ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ.

“ಅಮ್ಮ ಇದ್ದಾಗ ಅಲ್ಲಿ ಹಂದಿ ಇರ್ಲಿಲ್ಲ,” ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. “ಹೊರಗೆ ಬಾವಿ ಕೆಡ್ತಾ ಉಂಟು, ಒಳಗೆ ನಿನ್ನ ರಕ್ತನಾಳ ಕೆಡ್ತಾ ಉಂಟು. ಎರಡಕ್ಕೂ ಒಂದೇ ಹಂದಿ. ಅಪ್ಪ ಹೋದ ಹಾಗೆ ನೀನೂ ಹೋಗ್ತೀಯ.”

ಅವನ ಮಗಳು ಎದ್ದು ಒಳಗೆ ಹೋದಳು. ತಮ್ಮ ನೀರಿನ ಲೋಟ ಎತ್ತಿ ಗಟಗಟ ಕುಡಿದು, ಇನ್ನೊಂದು ಹಾಕಿಸಿಕೊಂಡು ಅದನ್ನೂ ಕುಡಿದ. ಆಮೇಲೆ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಏಳು ಬಗೆಯ ತರಕಾರಿ ಬಟ್ಟಲಿನಲ್ಲಿತ್ತು, ಯಾವುದರ ರುಚಿಯೂ ನೆನಪಿಲ್ಲ.

ಅಲ್ಲಿಂದ ಪೂರ್ತಿ ಮೌನ. ಚರ್ಚಿನಲ್ಲಿ ಕಂಡರೆ ಅವನು ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಕ್ರಿಸ್ಮಸ್ಸಿಗೆ ಮನೆಮನೆಗೆ ಹಂಚುವ ಕುಸ್ವಾರಿನ ತಿಂಡಿ ಅವನ ಮಗಳ ಕೈಯಲ್ಲಿ ಬಂತು. “ಪಪ್ಪ ಹೇಗಿದ್ದಾರೆ?” ಎಂದರೆ, “ಪಪ್ಪನಿಗೆ ಅಂಗಡಿಯಲ್ಲಿ ಕೆಲಸ, ಆಂಟಿ,” ಎಂದಳು. ತಿಂಗಳುಗಳು ಹೋದವು. ಬಾಟಲಿಗಾಗಿ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಒಮ್ಮೊಮ್ಮೆ, ಹಂದಿಗೂಡಿನ ಮಗ್ಗುಲಲ್ಲೇ ಕೂರಿಸಿ ಬಡಿಸಿದರೂ ಸರಿ, ಅವನು ಒಮ್ಮೆ ಕರೆಯಲಿ ಎಂದು ಅನ್ನಿಸುತ್ತಿತ್ತು. ಎರಡೂ ನಿಜ.

ಕಳೆದ ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತಿನ ಬೆಳಿಗ್ಗೆ ಮೊದಲ ಪೂಜೆಗೇ ಹೋದೆ, ಅವನಿಗೆ ಎದುರಾಗುವುದು ಬೇಡವೆಂದು. ಪೂಜೆಯ ನಂತರ ತೆನೆ ಕೊಡುವ ಸಾಲಿನಲ್ಲಿ ನಿಂತೆ. ಕೊಡುತ್ತಿದ್ದವರು ನಮ್ಮ ಚರ್ಚಿನ ಹಿರಿಯರು, ನನ್ನನ್ನು ಸಣ್ಣಂದಿನಿಂದ ಬಲ್ಲವರು. ಕಣ್ಣು ಕಿರಿದು ಮಾಡಿ, “ನಿಮ್ಮದು ತಮ್ಮ ತಕ್ಕೊಂಡು ಹೋಗ್ತಾನಲ್ಲ ಮಗಳೇ. ಕುಟುಂಬಕ್ಕೆ ಒಂದೇ,” ಎಂದರು. ಹಿಂದೆ ನಿಂತವರೆಲ್ಲ ಕಾಯುತ್ತಿದ್ದರು. ನನಗೆ ಬೇರೆ ಕೊಡಿ ಎಂದು ಮೆಲ್ಲಗೆ ಹೇಳಿದೆ. ಅವರು ಬುಟ್ಟಿ ನೋಡಿದರು, ನನ್ನನ್ನು ನೋಡಿದರು. ನಾನೇ ಬರಿಗೈಯಲ್ಲಿ ಸಾಲಿನಿಂದ ಹೊರಗೆ ಬಂದೆ.

ಮನೆಗೆ ಬಂದು ಬೆಂಡೆಕಾಯಿ ಪಲ್ಯ ಮಾಡಿದೆ. ಅದೊಂದೇ. ಒಂದು ಕೂಡ ಬೆಸ ಸಂಖ್ಯೆಯೇ ಎಂದು ಸಮಾಧಾನ ಹೇಳಿಕೊಂಡೆ. ತೆನೆಯ ಹಾಲು ಕುಡಿಯದೆ ಉಣ್ಣಲಿಕ್ಕೆ ಮನಸ್ಸು ಬರಲಿಲ್ಲ, ತಟ್ಟೆಯನ್ನು ಮುಚ್ಚಿಟ್ಟು ಕೂತೆ. ಕೆಳಗೆ ಯಾರ ಸ್ಕೂಟರ್ ಬಂದರೂ ಕಿವಿ ಅತ್ತ ಹೋಗುತ್ತಿತ್ತು. ಮಧ್ಯಾಹ್ನ ದಾಟಿತು. ಈ ವರ್ಷದಿಂದ ಸೆಪ್ಟೆಂಬರೂ ಇಲ್ಲ ಎಂದು ಅರ್ಥ ಮಾಡಿಕೊಂಡೆ.

ಆಗ ಬೆಲ್ ಆಯಿತು. ನಮ್ಮ ಕಟ್ಟಡದ ವಾಚ್‌ಮನ್, ಉಳ್ಳಾಲದ ಕಡೆಯ ವಯಸ್ಸಾದವರು. ಲಿಫ್ಟ್ ಕೆಟ್ಟು ವಾರವಾಗಿತ್ತು, ಮೆಟ್ಟಿಲು ಹತ್ತಿ ಅವರು ಏದುಸಿರು ಬಿಡುತ್ತಿದ್ದರು. “ನಿಮ್ಮ ತಮ್ಮ ಇದು ಕೊಟ್ಟರು, ಮೇಡಂ,” ಎಂದು ಒಂದು ಬಿಳಿ ಲಕೋಟೆ ಕೊಟ್ಟು ಇಳಿದು ಹೋದರು.

ಒಳಗೆ ಕಾಗದದ ಮಡಿಕೆ. ಮಡಿಕೆಯಲ್ಲಿ ಭತ್ತದ ಕಾಳುಗಳು.

ಬಾಗಿಲಲ್ಲೇ ನಿಂತುಬಿಟ್ಟೆ. ಕುವೈತಿಗೆ ಬರುತ್ತಿದ್ದ ಹಾಗೆಯೇ ಬಂದಿತ್ತು. ದೂರದಲ್ಲಿರುವವರಿಗೆ, ಹಬ್ಬಕ್ಕೆ ಬರಲಾಗದವರಿಗೆ, ಮೇಜಿನಲ್ಲಿ ಜಾಗ ಇಲ್ಲದವರಿಗೆ ಕಳಿಸುವ ಹಾಗೆ. ಪರದೇಶದಲ್ಲಿದ್ದಾಗ ಅಮ್ಮನ ಲಕೋಟೆ ಹಿಡಿದು ಅಳು ಬಂದರೂ ಅತ್ತಿರಲಿಲ್ಲ, ಡ್ಯೂಟಿಗೆ ಹೊತ್ತಾಗುತ್ತಿತ್ತು. ಈಗ ನನಗೆ ಯಾವ ಡ್ಯೂಟಿಯೂ ಇರಲಿಲ್ಲ. ಬಾಲ್ಕನಿಗೆ ಹೋಗಿ ಇಣುಕಿದರೆ ಗೇಟಿನ ಬಳಿ ಅವನ ಸ್ಕೂಟರ್ ಇನ್ನೂ ನಿಂತಿತ್ತು. ಬಂದಿದ್ದಾನೆ, ಕೆಳಗೇ ನಿಂತಿದ್ದಾನೆ, ಅಕ್ಕನ ಮುಖ ನೋಡಲಿಕ್ಕೆ ಮೂರು ಮಹಡಿ ಹತ್ತುವಷ್ಟೂ ಮನಸ್ಸಿಲ್ಲ. ಅಳು ಹೋಗಿ ಸಿಟ್ಟು ಬಂತು. ಲಕೋಟೆ ಹಿಡಿದುಕೊಂಡು ದಡದಡ ಇಳಿದೆ. ಇದನ್ನು ನಿನ್ನ ಹಂದಿಗಳಿಗೇ ಹಾಕು ಎಂದು ಶುರುಮಾಡಿ ಮುಂದೆ ಏನೇನು ಹೇಳಬೇಕು ಎಂದು ಮೆಟ್ಟಿಲುಗಳಲ್ಲೇ ಜೋಡಿಸಿಕೊಂಡೆ.

ಅವನು ವಾಚ್‌ಮನ್ನನ ಕುರ್ಚಿಯಲ್ಲಿ ಕೂತಿದ್ದ. ಹೆಲ್ಮೆಟ್ ತೊಡೆಯ ಮೇಲಿತ್ತು. ಮಳೆ ನಿಂತು ತಂಪು ಗಾಳಿ ಬೀಸುತ್ತಿದ್ದರೂ ಅಂಗಿಯ ಕಾಲರ್ ಬೆವರಿನಿಂದ ನೆನೆದಿತ್ತು. ಮುಖ ಬೂದಿಯ ಬಣ್ಣ. ಅಂಗೈ ಎದೆಯ ಮೇಲೆ.

“ಹತ್ತಿದ್ದರು ಮೇಡಂ,” ಎಂದರು ವಾಚ್‌ಮನ್. “ಒಂದನೇ ಮಹಡಿಯಲ್ಲಿ ಕೂತುಬಿಟ್ಟರು. ನಾನೇ ಹಿಡಿದು ಇಳಿಸಿದೆ. ಅಕ್ಕನನ್ನು ಕರೀರಿ ಅಂದ್ರು. ಏದುಸಿರಿನಲ್ಲಿ ಹೇಳ್ಲಿಕ್ಕೆ ಮರ್ತೇಹೋಯ್ತು.”

ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಉಳಿಯಲಿಲ್ಲ. ಮೊಣಕಾಲೂರಿ ಕೂತು ಅವನ ಮಣಿಕಟ್ಟು ಹಿಡಿದೆ.

“ಯಾವಾಗಿನಿಂದ?”

“ಈಗ ಕಡಿಮೆಯಾಯ್ತು.”

“ಯಾವಾಗಿನಿಂದ ಅಂತ ಕೇಳಿದ್ದು.”

“ಕ್ರಿಸ್ಮಸ್ಸಿಗಿಂತ ಮೊದಲು ಶುರುವಾದದ್ದು. ಏರು ಹತ್ತಿದರೆ ಬರ್ತದೆ, ಕೂತರೆ ಹೋಗ್ತದೆ. ಮನೆಯಲ್ಲಿ ಹೇಳ್ಲಿಲ್ಲ.” ಮತ್ತೆ ನನ್ನ ಮುಖ ನೋಡದೆ ಹೇಳಿದ, “ನೀನು ಒಂದು ಸಲ ನೋಡಿದ್ರೆ ಸಾಕು, ಗೊತ್ತಾಗ್ತಿತ್ತು. ಅದಕ್ಕೇ ಈಚೆಗೆ ಬರ್ಲಿಲ್ಲ. ಬಾಟಲಿಯ ಸಿಟ್ಟು ಯಾವಾಗ್ಲೋ ಹೋಗಿತ್ತು.”

ಅಷ್ಟೂ ತಿಂಗಳು ಅವನು ಬೇರೆ ಬಾಗಿಲಿನಿಂದ ಹೊರಗೆ ಹೋದದ್ದು ಅದಕ್ಕೆ. ಅಕ್ಕ ಗೆದ್ದಳು ಎಂದು ನನ್ನ ಮುಖದಲ್ಲಿ ಕಾಣುವುದು ಬೇಡವೆಂದು ತಪ್ಪಿಸಿಕೊಂಡು ತಿರುಗಿದ. ನಾನು ಅಲ್ಲಿ ಮೂರನೆಯ ಮಹಡಿಯಲ್ಲಿ ಕೂತು ಅವನು ನನ್ನನ್ನು ಬಿಟ್ಟನೆಂದು ಲೆಕ್ಕ ಹಾಕಿಕೊಂಡು ಕೊರಗಿದೆ.

“ಮತ್ತೆ ಈ ಲಕೋಟೆ ಯಾಕೆ?”

“ಚರ್ಚಿನಲ್ಲಿ ನೀನು ಬೇರೆ ತೆನೆ ಕೇಳಿದೆ ಅಂತ ಹೇಳಿದ್ರು. ಕರೆದ್ರೂ ಹಠ ಹಿಡಿದು ಬರ್ಲಿಕ್ಕಿಲ್ಲ ಅಂತ, ಕಾಳು ಹಿಡ್ಕೊಂಡೇ ಬಂದೆ. ಬಾ ಅಕ್ಕ, ಎಲ್ಲರೂ ಹಸಿದು ಕೂತಿದ್ದಾರೆ. ನೀನು ಕುಡಿಯದೆ ಹೇಗೆ ಊಟಕ್ಕೆ ಕೂರುವುದು?”

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬದುಕಿದ. ಎರಡು ಸ್ಟೆಂಟ್ ಹಾಕಿದರು. ಈಗ ಅವನಿಗೂ ತೊವ್ವೆ, ಹರಿವೆ ಸೊಪ್ಪು. ಹಂದಿಗೂಡು ಖಾಲಿಯಾಗಿದೆ, ಬಾವಿಯನ್ನು ಖಾಲಿ ಮಾಡಿಸಿ ತೊಳೆಸಿದ್ದಾರೆ. ಭಾನುವಾರ ನಾನು ಹೋಗುತ್ತೇನೆ. ಆದರೆ ಬಾಫತ್ ಇಲ್ಲದ ಭಾನುವಾರಕ್ಕೆ ಚಿಕ್ಕಪ್ಪನ ಮಕ್ಕಳು ಬರುವುದು ನಿಲ್ಲಿಸಿದರು. ಅಷ್ಟುದ್ದದ ಮೇಜಿನ ಒಂದು ತುದಿಯಲ್ಲಿ ನಾವು ನಾಲ್ಕು ಜನ ಕೂತು ಉಣ್ಣುತ್ತೇವೆ, ಬೇಗ ಮುಗಿಯುತ್ತದೆ. ಮಾಂಸ ಬಿಡುವುದರಿಂದ ಏನೇನು ಒಳ್ಳೆಯದಾಗುತ್ತದೆ ಎಂದು ನಾನು ಓದಿದ್ದ ಯಾವ ಲೇಖನದಲ್ಲಿಯೂ ಆ ಖಾಲಿ ಕುರ್ಚಿಗಳ ವಿಷಯ ಬರೆದಿರಲಿಲ್ಲ. ತಮ್ಮ ಈಗ ತೇಗುವುದಿಲ್ಲ. ನನಗೆ ಆ ತೇಗು ಬೇಕೆನ್ನಿಸುತ್ತದೆ.

ಆದರೆ ಆ ದಿನ ಇದೊಂದೂ ಗೊತ್ತಿರಲಿಲ್ಲ. ವಾಚ್‌ಮನ್ ಆಟೋ ನಿಲ್ಲಿಸಿದರು. ನಾನು ಒಂದೇ ಉಸಿರಿಗೆ ಮೇಲೆ ಹೋಗಿ ಪರ್ಸು, ಆಸ್ಪಿರಿನ್ ಮಾತ್ರೆ ತಂದೆ. ಆಸ್ಪತ್ರೆಗೆ ಎಂದು ಆಟೋದವನಿಗೆ ಹೇಳಿ, ಮಾತ್ರೆಯನ್ನು ತಮ್ಮನ ಕೈಗೆ ಕೊಟ್ಟೆ.

“ತೆನೆಗಿಂತ ಮೊದಲು ಮಾತ್ರೆಯಾ?” ಎಂದ.

“ಅಗಿ.”

ಅಗಿದ. ಆಟೋ ಹಳ್ಳ ತಪ್ಪಿಸುತ್ತ ಇಳಿಜಾರಿನಲ್ಲಿ ಹೊರಟಿತು. ಅವನ ಕೈ ತಣ್ಣಗಿತ್ತು, ಬಿಡಲಿಲ್ಲ ನಾನು. ಮಾತ್ರೆಯ ಕಹಿಗೆ ಮುಖ ಕಿವುಚಿಕೊಂಡು, “ಈಗ ಹೇಳು,” ಎಂದ.

“ಎಂತ ಹೇಳುವುದು?”

“ನಾನು ಹೇಳಿರ್ಲಿಲ್ವಾ ಅಂತ. ಹೇಳಿಬಿಡು, ನಿನಗೂ ಸಮಾಧಾನ.”

ನಾನು ಹೇಳಿದ್ದೆಲ್ಲ ಸುಳ್ಳಾಗಲಿ ದೇವರೇ, ನಾನು ಓದಿದ್ದೆಲ್ಲ ತಪ್ಪಾಗಲಿ, ಇವನು ನಾಳೆ ಮತ್ತೆ ಹಂದಿ ತಿಂದು ನನ್ನನ್ನು ನೋಡಿ ನಗಲಿ ಎಂದು ಆ ಆಟೋದಲ್ಲಿ ಬೇಡಿಕೊಳ್ಳುತ್ತಿದ್ದೆ. ಲಕೋಟೆ ಬಿಡಿಸಿ, ಕಾಳುಗಳನ್ನು ಅಂಗೈಗೆ ಸುರಿದುಕೊಂಡು, ಉಗುರಿನಿಂದ ಒಂದೊಂದೇ ಸಿಪ್ಪೆ ಸುಲಿದೆ. ಹಾಲು ಇರಲಿಲ್ಲ, ಹಸುವಿನದ್ದೂ ಇಲ್ಲ, ತೆಂಗಿನಕಾಯಿಯದ್ದೂ ಇಲ್ಲ. ಅಪ್ಪ, ಅಮ್ಮ ಹೋದ ಮೇಲೆ, ನಾನು ಪರದೇಶದಲ್ಲಿದ್ದ ಕಾರಣ, ಇದನ್ನು ಎಲ್ಲರಿಗೂ ಕೊಡುತ್ತಿದ್ದವನು ಅವನು. ಆದರೆ ಹಿರಿಯಳು ನಾನು.

ಅವನು ಎರಡೂ ಕೈ ಜೋಡಿಸಿ ತಲೆ ಸ್ವಲ್ಪ ಬಗ್ಗಿಸಿದ, ಸಣ್ಣವನಿದ್ದಾಗ ಅಪ್ಪನ ಮುಂದೆ ನಿಲ್ಲುತ್ತಿದ್ದ ಹಾಗೆ. “ದೇವ್ ಬರೆಂ ಕರುಂ,” ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ, ಅರ್ಧದಷ್ಟು ಕಾಳನ್ನು ಅವನ ಬಾಯಿಗೆ ಹಾಕಿದೆ. ಉಳಿದದ್ದನ್ನು ನಾನು ತಿಂದೆ. ಹಸಿ ಅಕ್ಕಿ, ಎಲ್ಲೋ ಒಂದು ಸಿಪ್ಪೆ ಹಲ್ಲಿಗೆ ಸಿಕ್ಕಿತು.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನು ತೆಗೆದು ನೋಡಿ ನನ್ನ ಕೈಗೆ ಕೊಟ್ಟ. ಅವನ ಹೆಂಡತಿ. ಹಿಂದೆ ತಟ್ಟೆಗಳ ಸದ್ದು, ಮಾತಿನ ಗದ್ದಲ.

“ಅಕ್ಕ ಸಿಕ್ಕಿದ್ರಾ? ಎಲ್ಲ ತಣ್ಣಗಾಗ್ತಾ ಉಂಟು,” ಎಂದಳು.

“ನಾನೇ ಮಾತಾಡ್ತಿರುವುದು,” ಎಂದೆ. “ನಾವಿಬ್ಬರೂ ತೆನೆ ತಿಂದಾಯ್ತು. ನೀವು ಊಟಕ್ಕೆ ಕೂತುಕೊಳ್ಳಿ.”